ವರ್ಷಗಟ್ಟಲೆ ಬಾಳುವ, ಕೈಗೆಟುಕುವ ಬೆಲೆಯ ಮಡಚುವ ಚಾಕುವನ್ನು ಆರಿಸುವುದು ಹೇಗೆ?

ಪಾಂಡವಪುರದ ತೋಟ:

ಎಲ್ಲರಿಗೂ ನಮಸ್ಕಾರ. ನನ್ನ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಪಾಂಡವಪುರದ ಹತ್ತಿರ ನಮ್ಮ ತಂದೆಯವರು ಬಿಟ್ಟುಹೋದ ಒಂದೂವರೆ ಎಕರೆ ಜಮೀನಿದೆ. ವಾರದಲ್ಲಿ ಮೂರು ದಿನ ಅಲ್ಲಿಗೆ ಹೋಗಿಬರುತ್ತೇನೆ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಹನಿ ನೀರಾವರಿಯ ಕಪ್ಪು ಪೈಪು ಕತ್ತರಿಸುವುದು, ಬಾಳೆಯ ಒಣಗಿದ ಎಲೆ ಸವರುವುದು, ಹಗ್ಗ ತುಂಡರಿಸುವುದು, ಮಧ್ಯಾಹ್ನ ಬುತ್ತಿಯ ಜೊತೆ ಒಂದು ಸೀಬೆಹಣ್ಣು ಹೋಳು ಮಾಡುವುದು, ಇಷ್ಟಕ್ಕೂ ಜೇಬಿನಲ್ಲಿರುವ ಒಂದೇ ಚಾಕು ಸಾಲಬೇಕೆಂಬುದು ನನ್ನ ಆಸೆ.

ಆರು ವರ್ಷಗಳಲ್ಲಿ ನಾಲ್ಕು ಚಾಕುಗಳನ್ನು ಹಾಳುಮಾಡಿಕೊಂಡಿದ್ದೇನೆ. ಮೊದಲನೆಯದನ್ನು ಬಸ್ ನಿಲ್ದಾಣದ ಬಳಿ 120 ರೂಪಾಯಿಗೆ ಕೊಂಡಿದ್ದೆ; ಎಂಟು ತಿಂಗಳಿಗೆ ಅದರ ಕೀಲು ಸಡಿಲವಾಗಿ ಅಲಗು ಎಡಕ್ಕೂ ಬಲಕ್ಕೂ ತೂಗಾಡತೊಡಗಿತು. ಎರಡನೆಯದಕ್ಕೆ ಅಯಸ್ಕಾಂತ ಅಂಟುವುದಿಲ್ಲ, ಆದ್ದರಿಂದ ಇದು ಶುದ್ಧ ಸ್ಟೇನ್‌ಲೆಸ್ ಎಂದು ಅಂಗಡಿಯವರು ತೋರಿಸಿಯೇ ಕೊಟ್ಟರು. ಅದು ತುಕ್ಕು ಹಿಡಿಯಲಿಲ್ಲ, ಆದರೆ ಎರಡು ಚೀಲ ಬಿಚ್ಚುವಷ್ಟರಲ್ಲಿ ಮೊಂಡಾಗುತ್ತಿತ್ತು. ಮೂರನೆಯದು ಬೆಲೆಬಾಳುವಂಥದ್ದು, ಕತ್ತರಿ, ಗರಗಸ ಎಲ್ಲವೂ ಅದರಲ್ಲಿದ್ದವು; ಮೂರು ವರ್ಷ ಚೆನ್ನಾಗಿ ನಡೆಯಿತು. ಒಮ್ಮೆ ಕರೆಂಟ್ ಸಾಣೆಗೆ ಕೊಟ್ಟು ತಂದೆ, ಅಂದಿನಿಂದ ಅದರ ಹರಿತ ಒಂದು ದಿನವೂ ನಿಲ್ಲುತ್ತಿಲ್ಲ. ನಾಲ್ಕನೆಯದರ ಲಾಕ್ ಕೆಲಸದ ನಡುವೆ ಬಿಟ್ಟುಕೊಂಡು ಅಲಗು ನನ್ನ ತೋರುಬೆರಳಿನ ಮೇಲೆ ಮಡಚಿಕೊಂಡಿತು, ಮೂರು ಹೊಲಿಗೆ ಬಿದ್ದವು.

1500 ರೂಪಾಯಿಯಲ್ಲಿ ಸಿಕ್ಕರೆ ಸಂತೋಷ, 2500ಕ್ಕಿಂತ ಮೇಲೆ ಹೋಗಲಾರೆ. ಹತ್ತು ವರ್ಷವಾದರೂ ಬಾಳುವ ಒಂದು ಚಾಕುವನ್ನು ಹೇಗೆ ಗುರುತಿಸಬೇಕು? ಬ್ರಾಂಡಿನ ಹೆಸರನ್ನಷ್ಟೇ ಹೇಳದೆ, ನೋಡಿ ಆರಿಸುವ ಬಗೆಯನ್ನು ತಿಳಿದವರು ಹೇಳಿಕೊಟ್ಟರೆ ಉಪಕಾರವಾಗುತ್ತದೆ.

ಎಲೆತೋಟ, ಮೈಸೂರು:

ನಮ್ಮ ತಂದೆಯವರು ವೀಳ್ಯದೆಲೆ ತೋಟದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಚಾಕುವನ್ನು ಬಳಸಿದರು. ಮರದ ಹಿಡಿ, ಕಪ್ಪಗಾದ ಅಲಗು, ಲಾಕ್ ಎಂಬುದೇ ಇರಲಿಲ್ಲ. ಹೊಸ ಬಗೆಯ ಚಾಕುಗಳು ಏಕೆ ಬಾಳುವುದಿಲ್ಲ ಎಂಬುದು ನನ್ನ ಪ್ರಶ್ನೆಯೂ ಹೌದು. ಉತ್ತರಗಳಿಗಾಗಿ ಕಾದಿದ್ದೇನೆ.

ಟೂಲ್ ರೂಮ್, ಮೇಟಗಳ್ಳಿ:

ಪಾಂಡವಪುರದವರೇ, ನಾನು ಮೈಸೂರಿನ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ಉಕ್ಕನ್ನು ಕಾಯಿಸುವುದು, ತಣಿಸುವುದು, ಅದರ ಗಡಸುತನ ಅಳೆಯುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ನಿಮ್ಮ ನಾಲ್ಕು ಚಾಕುಗಳು ನಾಲ್ಕು ಬೇರೆ ಬೇರೆ ಕಾರಣಗಳಿಂದ ಹಾಳಾಗಿವೆ, ಮತ್ತು ಆ ನಾಲ್ಕು ಕಾರಣಗಳನ್ನು ಅರಿತರೆ ನಿಮಗೆ ಬೇಕಾದ ಉತ್ತರದ ಬಹುಪಾಲು ಸಿಕ್ಕಂತೆಯೇ.

ಎರಡನೆಯ ಚಾಕುವಿನಿಂದ ಆರಂಭಿಸುತ್ತೇನೆ, ಏಕೆಂದರೆ ಆ ಅಯಸ್ಕಾಂತದ ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ ವ್ಯಾಪಕವಾಗಿದೆ. ಪಾತ್ರೆಗಳಿಗೆ ಬಳಸುವ 304 ಎಂಬ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್ ಇರುತ್ತದೆ. ಅದು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ತುಕ್ಕನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಅದನ್ನು ಎಷ್ಟೇ ಕಾಯಿಸಿ ತಣಿಸಿದರೂ ಗಡಸಾಗುವುದಿಲ್ಲ. ಲೋಟಕ್ಕೆ, ತಟ್ಟೆಗೆ ಅದು ಅತ್ಯುತ್ತಮ. ಚಾಕುವಿನ ಅಲಗಿಗೆ ಅದು ಸಲ್ಲದು. ಚಾಕುವಿಗೆ ಬಳಸುವ ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಜೊತೆಗೆ ಸಾಕಷ್ಟು ಇಂಗಾಲ ಇರಬೇಕು, ಸಾಮಾನ್ಯವಾಗಿ ಅರ್ಧ ಶೇಕಡಾ ಅಥವಾ ಅದಕ್ಕಿಂತ ಹೆಚ್ಚು, ಮತ್ತು ಅಂಥ ಉಕ್ಕು ಅಯಸ್ಕಾಂತಕ್ಕೆ ಅಂಟಿಯೇ ಅಂಟುತ್ತದೆ. ಆದ್ದರಿಂದ ಅಯಸ್ಕಾಂತ ಅಂಟದ ಚಾಕುವನ್ನು ತೋರಿಸಿ ಯಾರಾದರೂ ಹೊಗಳಿದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ. ಅಂಟಿದ ಮಾತ್ರಕ್ಕೆ ಒಳ್ಳೆಯದು ಎಂದೂ ಅರ್ಥವಲ್ಲ. ಅಂಟದಿದ್ದರೆ ಕೆಟ್ಟದ್ದು ಎಂಬುದಷ್ಟೇ ಖಚಿತ.

ಮೂರನೆಯ ಚಾಕುವಿನ ವಿಚಾರಕ್ಕೆ ಬರುತ್ತೇನೆ. ಅಲಗನ್ನು ಮೊದಲು ಕೆಂಪಗೆ ಕಾಯಿಸಿ ತಣಿಸುತ್ತಾರೆ, ಆಗ ಅದು ಗಾಜಿನಂತೆ ಗಡಸಾಗುತ್ತದೆ. ಹಾಗೆಯೇ ಬಿಟ್ಟರೆ ಸಿಡಿಯುತ್ತದೆ ಎಂದು ಮತ್ತೆ ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಹದವಾಗಿ ಕಾಯಿಸಿ ಸ್ವಲ್ಪ ಮೆದುಗೊಳಿಸುತ್ತಾರೆ. ಈ ಹದವೇ ಚಾಕುವಿನ ಜೀವ. ಕರೆಂಟ್ ಸಾಣೆಯ ಚಕ್ರಕ್ಕೆ ನೀರಿಲ್ಲದೆ ಒತ್ತಿ ಹಿಡಿದರೆ, ಕೂದಲೆಳೆಯಷ್ಟು ತೆಳುವಾದ ಅಂಚು ಕ್ಷಣಮಾತ್ರದಲ್ಲಿ 300 ಡಿಗ್ರಿ ದಾಟುತ್ತದೆ. ಇಂಗಾಲದ ಉಕ್ಕಾದರೆ, ಅಂಚಿನಲ್ಲಿ ಒಣಹುಲ್ಲಿನ ಬಣ್ಣ ಕಂಡರೆ ಶಾಖ ಸುಮಾರು 220 ಡಿಗ್ರಿ ಮುಟ್ಟಿದೆ ಎಂದು ತಿಳಿಯಬೇಕು. ನೀಲಿ ಕಂಡರೆ 300ರ ಹತ್ತಿರ ಹೋಗಿದೆ, ಅಲ್ಲಿಗೆ ಹದ ಕೆಟ್ಟಿತು. ಬಣ್ಣವನ್ನು ಆಮೇಲೆ ಉಜ್ಜಿ ತೆಗೆದು ಥಳಥಳಿಸುವಂತೆ ಮಾಡಿ ಕೊಡುತ್ತಾರಾದ್ದರಿಂದ ನಮಗೆ ಗೊತ್ತಾಗುವುದಿಲ್ಲ. ನಿಮಗೊಂದು ಸಮಾಧಾನದ ಸಂಗತಿ ಇದೆ: ಹಾಳಾಗಿರುವುದು ಅಂಚಿನ ಒಂದೆರಡು ಮಿಲಿಮೀಟರು ಮಾತ್ರ. ಕಲ್ಲಿನ ಮೇಲೆ ನೀರು ಹಾಕಿ, ಕೈಯಿಂದಲೇ ನಿಧಾನವಾಗಿ ಆ ಭಾಗವನ್ನು ಸವೆಸಿ ತೆಗೆದರೆ ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ. ಆ ಚಾಕುವನ್ನು ದಯವಿಟ್ಟು ಎಸೆಯಬೇಡಿ.

ಕೀಲು ಮತ್ತು ಲಾಕ್ ಬಗ್ಗೆ ನಾಳೆ ಬರೆಯುತ್ತೇನೆ. ಅದು ಉಕ್ಕಿಗಿಂತಲೂ ಮುಖ್ಯ.

ಕುಲುಮೆ ಮನೆ, ಮಳವಳ್ಳಿ:

ಟೂಲ್ ರೂಮಿನ ಹಿರಿಯರಿಗೆ ನಮಸ್ಕಾರ. ಹದದ ಬಗ್ಗೆ ನೀವು ಬರೆದದ್ದನ್ನು ಓದಿ ನಮ್ಮ ಅಪ್ಪನವರಿಗೂ ಓದಿ ಹೇಳಿದೆ, ಅವರು ಬಹಳ ಸಂತೋಷಪಟ್ಟರು. ನಮ್ಮದು ತಲೆತಲಾಂತರದಿಂದ ಕುಲುಮೆ ಕೆಲಸದ ಮನೆ. ಮಚ್ಚು, ಕುಡುಗೋಲು, ಕಬ್ಬು ಕಡಿಯುವ ಕತ್ತಿ, ಅಡುಗೆಮನೆಯ ಈಳಿಗೆಮಣೆಯ ಅಲಗು ಇವೆಲ್ಲ ಇಂದಿಗೂ ನಮ್ಮಲ್ಲಿ ಆಗುತ್ತವೆ.

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಹೊರಗಿನ ಚಾಕುವಿಗೆ ಎರಡು ಸಾವಿರ ಕೊಡುವ ಬದಲು, ಹಳೆಯ ಲಾರಿಯ ಕಮಾನು ಪಟ್ಟೆಯಿಂದ ನಾಲ್ಕು ಅಂಗುಲದ ಅಲಗು ಮಾಡಿಸಿ, ಮರದ ಹಿಡಿ ಹಾಕಿಸಿ, ಚರ್ಮದ ಒರೆಯಲ್ಲಿಟ್ಟುಕೊಂಡರೆ ಅದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಕಮಾನು ಪಟ್ಟೆಯ ಉಕ್ಕಿನಲ್ಲಿ ಅರ್ಧ ಶೇಕಡಾಕ್ಕಿಂತ ತುಸು ಹೆಚ್ಚು ಇಂಗಾಲ ಇರುತ್ತದೆ. ಅದು ಬಾಗಿ ಬಾಗಿ ಭಾರ ಹೊರಲೆಂದೇ ಮಾಡಿದ ಉಕ್ಕಾದ್ದರಿಂದ ಸುಲಭವಾಗಿ ಸಿಡಿಯುವುದಿಲ್ಲ. ಅದನ್ನು ಎಷ್ಟು ಕಾಯಿಸಬೇಕೆಂಬುದಕ್ಕೆ ನಮ್ಮಲ್ಲಿಯೂ ಅಯಸ್ಕಾಂತವೇ ಅಳತೆ: ಕೆಂಪಗೆ ಕಾದ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟ ಮೇಲೆ ಇನ್ನು ಸ್ವಲ್ಪ ಕಾಯಿಸಿ ಎಣ್ಣೆಯಲ್ಲಿ ಅದ್ದುತ್ತೇವೆ. ಈ ಪಟ್ಟೆಯನ್ನು ನೀರಿನಲ್ಲಿ ಅದ್ದಿದರೆ ಕೆಲವೊಮ್ಮೆ ಸಣ್ಣ ಬಿರುಕು ಬಿಡುತ್ತದೆ, ಆದ್ದರಿಂದ ಎಣ್ಣೆಯೇ ಒಳ್ಳೆಯದು.

ನಮ್ಮ ನೆಲಕ್ಕೆ ಉಕ್ಕು ಹೊಸದೇನಲ್ಲ ಎಂಬುದನ್ನೂ ಇಲ್ಲಿ ಹೇಳಬೇಕೆನಿಸಿತು. 1800ರಿಂದ 1801ರವರೆಗೆ ಮೈಸೂರು ಸೀಮೆಯಲ್ಲಿ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕಬ್ಬಿಣದ ಕುಲುಮೆಗಳನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದುದೂ ಅವನ ಬರಹದಲ್ಲಿದೆ. ದಕ್ಷಿಣ ಭಾರತದ ಉಕ್ಕಿಗೆ ಹೊರದೇಶದವರು ಇಟ್ಟ ವೂಟ್ಸ್ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹೋಯಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ.

ಪಾಂಡವಪುರದ ತೋಟ:

ಇಬ್ಬರಿಗೂ ಕೃತಜ್ಞತೆಗಳು. ಮೂರನೆಯ ಚಾಕುವನ್ನು ಹಳೆಯ ಡಬ್ಬಿಯಿಂದ ಹೊರಗೆ ತೆಗೆದಿಟ್ಟಿದ್ದೇನೆ. ಮಳವಳ್ಳಿಯ ತಮ್ಮನವರೇ, ಒರೆಯಲ್ಲಿಡುವ ಚಾಕು ಗಟ್ಟಿ ಎಂಬುದನ್ನು ಒಪ್ಪುತ್ತೇನೆ. ಆದರೆ ನಾನು ಮೈಸೂರಿನಿಂದ ಬಸ್ಸಿನಲ್ಲಿ ಹೋಗಿಬರುವವನು, ಸೊಂಟಕ್ಕೆ ಒರೆ ಕಟ್ಟಿಕೊಂಡು ಜನರ ನಡುವೆ ಕುಳಿತುಕೊಳ್ಳಲು ಸಂಕೋಚವಾಗುತ್ತದೆ. ಮಡಚಿ ಜೇಬಿನೊಳಗೆ ಇಡುವಂಥದ್ದೇ ಬೇಕು. ಇಂಗಾಲದ ಉಕ್ಕು ತುಕ್ಕು ಹಿಡಿಯುವುದಿಲ್ಲವೇ? ಬಾಳೆಯ ಕೆಲಸಕ್ಕೆ ಅದು ಆದೀತೇ?

ಕಸಿ ನರ್ಸರಿ, ಶ್ರೀರಂಗಪಟ್ಟಣ:

ಬಾಳೆಯ ಮಾತು ಬಂದದ್ದರಿಂದ ನಾನು ಬರೆಯುತ್ತಿದ್ದೇನೆ. ಹದಿನಾಲ್ಕು ವರ್ಷದಿಂದ ಮಾವು, ಸಪೋಟ, ಗುಲಾಬಿ ಗಿಡಗಳಿಗೆ ಕಸಿ ಕಟ್ಟುತ್ತಿದ್ದೇನೆ. ನನ್ನ ಕೈಯಲ್ಲಿರುವ ಎರಡು ಚಾಕುಗಳಲ್ಲಿ ಒಂದು ಇಂಗಾಲದ ಉಕ್ಕಿನದು, ಇನ್ನೊಂದು ಸ್ಟೇನ್‌ಲೆಸ್‌ನದು.

ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಸಾಮಾನ್ಯ ಕಲ್ಲಿನ ಮೇಲೆ ಹತ್ತು ಸಲ ಎಳೆದರೆ ಸಾಕು. ಆದರೆ ಬಾಳೆಯ ದಿಂಡು, ಮಾವಿನಕಾಯಿ, ನಿಂಬೆ ಮುಟ್ಟಿಸಿದ ಕೂಡಲೇ ಅಲಗು ಕಪ್ಪಾಗುತ್ತದೆ. ಹಸಿ ಬಾಳೆಯ ರಸದಲ್ಲಿರುವ ಒಗರು ಕಬ್ಬಿಣದೊಡನೆ ಸೇರಿ ಕಪ್ಪು ಕಟ್ಟುತ್ತದೆ. ಹಣ್ಣಿನ ಹುಳಿಯಿಂದ ಬೂದು ಬಣ್ಣದ ಪೊರೆ ಬರುತ್ತದೆ. ಹೊಸಬರು ಇದನ್ನು ತುಕ್ಕೆಂದು ಭಾವಿಸಿ ಉಜ್ಜಿ ಉಜ್ಜಿ ತೆಗೆಯುತ್ತಾರೆ. ಅದು ತಪ್ಪು. ಬೆರಳಿಗೆ ಹತ್ತದ, ನುಣುಪಾದ ಕಪ್ಪು ಬಣ್ಣ ಅಲಗಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ, ಅದನ್ನು ಹಾಗೆಯೇ ಬಿಡಬೇಕು. ಬೆರಳಿಗೆ ಹತ್ತುವ, ಒರಟಾದ ಕೆಂಪು ಬಣ್ಣವಿದ್ದರೆ ಅದೇ ತುಕ್ಕು, ಅದನ್ನು ಅಂದೇ ತೆಗೆಯಬೇಕು. ಎಲೆತೋಟದವರ ತಂದೆಯವರ ಕಪ್ಪು ಅಲಗು ಇಪ್ಪತ್ತು ವರ್ಷ ಬಾಳಿದ್ದರ ಗುಟ್ಟು ಇದೇ ಇರಬೇಕು.

ಎಣ್ಣೆಯ ವಿಷಯದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನೇ ಕೀಲಿಗೂ ಹಾಕುತ್ತಿದ್ದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಮಾರ್ಗಶಿರ, ಪುಷ್ಯದ ಬೆಳಗಿನಲ್ಲಿ ಬಾಟಲಿಯೊಳಗೆ ಹೆಪ್ಪಾಗುವಂತೆಯೇ ಕೀಲಿನೊಳಗೂ ಆಗಿ, ಮಣ್ಣು, ಹುಡಿ ಎಲ್ಲವನ್ನೂ ಹಿಡಿದುಕೊಂಡು ಚಾಕು ತೆರೆಯುವುದೇ ಕಷ್ಟವಾಗುತ್ತಿತ್ತು. ಈಗ ಔಷಧದ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಎರಡು ಹನಿ ಬಿಡುತ್ತೇನೆ. ಅದು ಹೆಪ್ಪುಗಟ್ಟುವುದಿಲ್ಲ, ಕಮಟುವುದಿಲ್ಲ, ಹಣ್ಣು ಕತ್ತರಿಸುವ ಚಾಕುವಿಗೂ ಅಡ್ಡಿಯಿಲ್ಲ.

ಅಣ್ಣನವರೇ, ನಿಮ್ಮ ಕೆಲಸದ ಪಟ್ಟಿ ನೋಡಿದರೆ ಸ್ಟೇನ್‌ಲೆಸ್‌ ಅಲಗೇ ನಿಮಗೆ ಸರಿ. ಬೆವರಿನ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುವವರಿಗೆ ಪ್ರತಿ ಸಂಜೆ ಒರೆಸಿ ಎಣ್ಣೆ ಸವರುವ ವ್ಯವಧಾನ ಇರುವುದಿಲ್ಲ. ಇನ್ನೊಂದು ಮಾತು: ರೋಗ ತಗುಲಿದ ಗಿಡವನ್ನು ಕತ್ತರಿಸಿದ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸದೆ ಇನ್ನೊಂದು ಗಿಡಕ್ಕೆ ತಾಗಿಸಬೇಡಿ, ಹಣ್ಣಿಗಂತೂ ಬೇಡವೇ ಬೇಡ.

ಟೂಲ್ ರೂಮ್, ಮೇಟಗಳ್ಳಿ:

ಹೇಳಿದಂತೆ ಕೀಲಿನ ಮಾತಿಗೆ ಬಂದಿದ್ದೇನೆ. ಮಡಚುವ ಚಾಕು ಸಾಯುವುದು ಸಾಮಾನ್ಯವಾಗಿ ಅಲಗಿನಲ್ಲಿ ಅಲ್ಲ, ಕೀಲಿನಲ್ಲಿ. ಅಲಗು ಮೊಂಡಾದರೆ ಮಸೆಯಬಹುದು, ತುಕ್ಕು ಹಿಡಿದರೆ ಉಜ್ಜಬಹುದು. ಕೀಲಿನ ರಂಧ್ರ ಸವೆದು ದೊಡ್ಡದಾದರೆ ಸರಿಪಡಿಸುವವರು ಸಿಗುವುದಿಲ್ಲ. ಆದ್ದರಿಂದ ಅಂಗಡಿಯಲ್ಲಿ ನಿಂತಾಗ ಕೀಲನ್ನೇ ಮೊದಲು ನೋಡಿ.

ಚಾಕುವನ್ನು ತೆರೆದು, ಒಂದು ಕೈಯಲ್ಲಿ ಹಿಡಿಯನ್ನೂ ಇನ್ನೊಂದು ಕೈಯ ಬೆರಳುಗಳಲ್ಲಿ ಅಲಗಿನ ಬೆನ್ನನ್ನೂ ಹಿಡಿದು ಎಡಬಲಕ್ಕೆ ಮೆಲ್ಲಗೆ ಅಲುಗಿಸಿ, ಆಮೇಲೆ ಮೇಲಕ್ಕೂ ಕೆಳಕ್ಕೂ ಅಲುಗಿಸಿ. ಹೊಸ ಚಾಕುವಿನಲ್ಲಿಯೇ ಆಟ ಕಂಡರೆ ಅದು ಮುಂದೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬಳಿಕ ಮಡಚಿ ಬೆಳಕಿಗೆ ಹಿಡಿದು ನೋಡಿ, ಅಲಗು ಹಿಡಿಯ ನಡುವೆ ನೇರವಾಗಿ ಕೂರಬೇಕು, ಒಂದು ಬದಿಗೆ ಒರಗಿರಬಾರದು. ತೆರೆಯುವಾಗ ಮೊದಲಿನಿಂದ ಕೊನೆಯವರೆಗೆ ಒಂದೇ ಬಿಗಿ ಇರಬೇಕು, ಕೊನೆಯಲ್ಲಿ ಟಕ್ ಎಂಬ ಸ್ಪಷ್ಟವಾದ ಸದ್ದು ಬರಬೇಕು. ಅಗ್ಗದ ಚಾಕುಗಳಲ್ಲಿ ತೆಳು ತಗಡಿನ ಹಿಡಿಗೆ ಮೆದುವಾದ ರಿವೆಟ್ ಬಡಿದಿರುತ್ತಾರೆ. ನಿಮ್ಮ ಮೊದಲನೆಯ ಚಾಕುವಿಗೆ ಆಗಿದ್ದು ಅದೇ.

ಲಾಕ್‌ಗಳಲ್ಲಿ ಹಲವು ಬಗೆ. ಲಾಕ್ ಇಲ್ಲದೆ ಬೆನ್ನಿನ ಸ್ಪ್ರಿಂಗ್ ಒತ್ತಡದಿಂದಲೇ ನಿಲ್ಲುವುದು ಒಂದು ಬಗೆ. ಇದು ಬಹಳ ವರ್ಷ ಬಾಳುತ್ತದೆ, ಆದರೆ ಮೊನೆಯಿಂದ ಚುಚ್ಚುವ ಕೆಲಸಕ್ಕೆ ಬಳಸಬಾರದು, ಏಕೆಂದರೆ ಬೆನ್ನಿನ ಕಡೆಗೆ ಭಾರ ಬಿದ್ದರೆ ಮಡಚಿಕೊಳ್ಳುತ್ತದೆ. ಹಿಡಿಯೊಳಗಿನ ತೆಳು ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಆನಿಸಿಕೊಳ್ಳುವುದು ಇನ್ನೊಂದು ಬಗೆ, ಲೈನರ್ ಲಾಕ್ ಎನ್ನುತ್ತಾರೆ. ನಿಮ್ಮ ನಾಲ್ಕನೆಯದು ಇದೇ ಇರಬೇಕು. ಚೆನ್ನಾಗಿ ಮಾಡಿದರೆ ಇದೂ ಭದ್ರವೇ. ಆದರೆ ಅಗ್ಗದ ಚಾಕುಗಳಲ್ಲಿ ಆ ಪಟ್ಟಿ ತೆಳುವಾಗಿದ್ದು, ಜೇಬಿನ ನೂಲುಹುಡಿಯೋ ಹೊಲದ ಮಣ್ಣೋ ಸೇರಿಕೊಂಡರೆ ಅರ್ಧಕ್ಕೇ ನಿಂತು, ಲಾಕ್ ಬಿದ್ದಂತೆ ತೋರುತ್ತದೆ. ಹಿಡಿಯ ಬೆನ್ನಿನಲ್ಲಿ ಒತ್ತಿ ಬಿಡಿಸುವ ಸನ್ನೆ (ಲಿವರ್) ಇರುವ ಲಾಕ್ ಗಟ್ಟಿ, ಆದರೆ ಒಳಗೆ ಸೇರಿದ ಮಣ್ಣನ್ನು ತೆಗೆಯುವುದು ಕಷ್ಟ. ಹಿಡಿಯ ಮೇಲೆ, ತಿರುಗಿಸಿದರೆ ಅಲಗು ಮಡಚದಂತೆ ತಡೆಯುವ ಲೋಹದ ಬಳೆ ಇರುವುದು ಮತ್ತೊಂದು. ಬಳೆ ತಿರುಗಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ, ಮಣ್ಣು ಸೇರಿದರೆ ನೀರಿನಲ್ಲಿ ತೊಳೆಯಬಹುದು. ಹೊಲದ ಕೆಲಸಕ್ಕೆ ನನ್ನ ಆಯ್ಕೆ ಇದೇ. ಯಾವ ಲಾಕ್ ಆದರೂ, ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ ಪರೀಕ್ಷಿಸದೆ ಕೊಳ್ಳಬೇಡಿ.

ಹೆಚ್ಚು ಉಪಕರಣಗಳಿದ್ದಷ್ಟೂ ಕೀಲಿನ ಮೇಲೆ ಭಾರ ಹೆಚ್ಚು. ನಿಮಗೆ ಬೇಕಿರುವುದು ಒಂದು ಒಳ್ಳೆಯ ಅಲಗು.

ಚಾರಣದ ಹಾದಿ, ಮೈಸೂರು:

ಹಿರಿಯರು ಹೇಳಿದ ಬಳೆಯ ಲಾಕ್ ಇರುವ ಚಾಕು ಎಂದರೆ ಫ್ರಾನ್ಸಿನ ಒಪಿನೆಲ್. ಜೋಸೆಫ್ ಒಪಿನೆಲ್ ಎಂಬವರು 1890ರಲ್ಲಿ ಸವೊಯಿ ಎಂಬ ಬೆಟ್ಟದ ಸೀಮೆಯ ರೈತರಿಗಾಗಿ ಮಾಡಿದ ಚಾಕು ಅದು. ಬಳೆಯ ಲಾಕ್ 1955ರಲ್ಲಿ ಸೇರಿತು. ಅಲಗು, ಬೀಚ್ ಮರದ ಹಿಡಿ, ಕೀಲಿನ ರಿವೆಟ್, ಎರಡು ಬಳೆಗಳು, ಇಷ್ಟೇ ಅದರ ಭಾಗಗಳು. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರು, ಜೇಬಿಗೆ ಸರಿಹೋಗುವ ಅಳತೆ. ಇಂಗಾಲದ ಉಕ್ಕಿನಲ್ಲಿಯೂ ಸ್ಟೇನ್‌ಲೆಸ್‌ನಲ್ಲಿಯೂ ಸಿಗುತ್ತದೆ. ನಾನು ಒಂಬತ್ತು ವರ್ಷದಿಂದ ಬಳಸುತ್ತಿದ್ದೇನೆ.

ಅದರ ದೋಷವನ್ನೂ ಹೇಳಬೇಕು. ಮಳೆಗಾಲದಲ್ಲಿ ಮರ ಉಬ್ಬಿಕೊಂಡು ಅಲಗು ಹಿಡಿಯೊಳಗೆ ಸಿಕ್ಕಿಕೊಳ್ಳುತ್ತದೆ. ಕೊಡಗಿನ ಕಡೆ ಒಮ್ಮೆ ಇಡೀ ದಿನ ನೆನೆದ ಮೇಲೆ ಉಗುರಿನಿಂದ ಎಷ್ಟು ಎಳೆದರೂ ಬರಲಿಲ್ಲ. ಬಳೆಯನ್ನು ಬಿಡಿಸಿ, ಹಿಡಿಯ ಹಿಂತುದಿಯನ್ನು ಗಟ್ಟಿ ನೆಲಕ್ಕೆ ತಟ್ಟಿದರೆ ಅಲಗು ಸ್ವಲ್ಪ ಹೊರಗೆ ಬರುತ್ತದೆ, ಸವೊಯಿ ಸೀಮೆಯವರೂ ಹೀಗೆಯೇ ಮಾಡುತ್ತಾರಂತೆ. ಹೊಸದರಲ್ಲಿಯೇ ಹಿಡಿಯ ಒಳಸೀಳಿಗೆ ಅಗಸೆ ಎಣ್ಣೆಯನ್ನು ಎರಡು ಮೂರು ಸಲ ಕುಡಿಸಿ ಒಣಗಿಸಿದರೆ ಈ ತೊಂದರೆ ಬಹಳ ಕಡಿಮೆಯಾಗುತ್ತದೆ.

ಇನ್ನೊಂದು ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್. ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಖ್ ಎಂಬ ಊರಿನಲ್ಲಿ ಆರಂಭಿಸಿದ ಸಂಸ್ಥೆ ಅದು, 1891ರಿಂದ ತಮ್ಮ ದೇಶದ ಸೈನಿಕರಿಗೆ ಚಾಕು ಕೊಡತೊಡಗಿದರು. ಅವರ ಅಲಗಿನ ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56, ಅಂದರೆ ಅತಿ ಗಡಸೂ ಅಲ್ಲ, ಮೆದುವೂ ಅಲ್ಲ. ತಯಾರಿಕೆಯ ದೋಷವಿದ್ದರೆ ಎಷ್ಟು ವರ್ಷವಾದರೂ ಸರಿಪಡಿಸಿ ಕೊಡುತ್ತೇವೆಂಬ ಭರವಸೆ ಇದೆ. ನಮ್ಮ ಬಳಕೆಯ ಸವೆತಕ್ಕೆ, ತಪ್ಪು ಬಳಕೆಗೆ ಅದು ಅನ್ವಯಿಸುವುದಿಲ್ಲ. ಪ್ಲಾಸ್ಟಿಕ್ ಹಿಡಿಯದಕ್ಕಿಂತ ಅಲ್ಯೂಮಿನಿಯಂ ಹಿಡಿಯದು ಹೆಚ್ಚು ಗಟ್ಟಿ. ನಿಮ್ಮ ಮಿತಿಯಲ್ಲಿ ದೊಡ್ಡ ಅಳತೆಯದು ಸಿಗುವುದು ಕಷ್ಟ, ಮತ್ತು ಎರಡಕ್ಕೂ ನಕಲಿಗಳಿವೆ. ಬೆಲೆ ಅರ್ಧಕ್ಕರ್ಧ ಕಡಿಮೆಯಿದ್ದರೆ ಅಂಥ ಕಡೆ ಕೊಳ್ಳಬೇಡಿ, ರಸೀದಿ ಕೊಡುವ ಅಂಗಡಿಯಲ್ಲಿಯೇ ಕೊಳ್ಳಿ.

ಕುಲುಮೆ ಮನೆ, ಮಳವಳ್ಳಿ:

ಒಪಿನೆಲ್ ಚಾಕುವನ್ನು ನಾನೂ ಒಬ್ಬರ ಕೈಯಲ್ಲಿ ನೋಡಿದ್ದೇನೆ. ಕೆಲಸ ಸರಳವಾಗಿದೆ, ಒಪ್ಪುತ್ತೇನೆ. ಆದರೆ ಅದರ ಅಲಗು ತೆಳು. ಹಣ್ಣಿಗೆ, ಹಗ್ಗಕ್ಕೆ ಸೊಗಸು. ಅದನ್ನೇ ಎಳನೀರು ಕೆತ್ತಲು, ಡಬ್ಬದ ಮುಚ್ಚಳ ಮೀಟಲು ಬಳಸಿದರೆ ಮೊನೆ ಮುರಿಯುತ್ತದೆ. ನಮ್ಮ ಕುಲುಮೆಗೆ ಬರುವ ಮುರಿದ ಚಾಕುಗಳಲ್ಲಿ ಹೆಚ್ಚಿನವು ಮೀಟಿ ಮುರಿದವೇ. ಎಳನೀರಿಗೆ ಮಚ್ಚೇ ಬೇಕು ಎಂಬುದು ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ನಿಂತು ನೋಡಿದ ಯಾರಿಗಾದರೂ ಗೊತ್ತಾಗುತ್ತದೆ.

ನ್ಯಾಯಾಲಯದ ರಸ್ತೆ, ಮಂಡ್ಯ:

ಕಾನೂನಿನ ವಿಷಯವನ್ನು ಚುಟುಕಾಗಿ ತಿಳಿಸುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯ ನಿಯಮಗಳಲ್ಲಿ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳನ್ನು ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸಲಾಗಿದೆ. ಮನೆಬಳಕೆ, ಕೃಷಿ, ವೈಜ್ಞಾನಿಕ ಹಾಗೂ ಕೈಗಾರಿಕಾ ಉಪಯೋಗಕ್ಕೆಂದು ಮಾಡಿದವುಗಳಿಗೆ ಇದರಿಂದ ವಿನಾಯಿತಿ ಇದೆ. ಮೂರೂವರೆ ಅಂಗುಲದ ಚಾಕು ಆ ಪಟ್ಟಿಗೆ ಬರುವುದಿಲ್ಲ. ಹಾಗಿದ್ದರೂ ನಿಷೇಧಾಜ್ಞೆ ಜಾರಿಯಲ್ಲಿರುವಾಗ, ದಸರೆಯಂಥ ಜನಸಂದಣಿಯಲ್ಲಿ, ತಪಾಸಣೆ ಇರುವ ಕಟ್ಟಡಗಳಲ್ಲಿ ಚಾಕುವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದು ಲೇಸು. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತೆಯೇ ಇಲ್ಲ.

ಪಾಂಡವಪುರದ ತೋಟ:

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಬರೀ ಕೊಂಡದ್ದನ್ನು ಹೇಳುವುದಕ್ಕಿಂತ ಬಳಸಿ ನೋಡಿ ಹೇಳುವುದು ಸರಿಯೆನಿಸಿತು.

ಒಪಿನೆಲ್ 8ನೇ ನಂಬರಿನ ಸ್ಟೇನ್‌ಲೆಸ್ ಚಾಕುವನ್ನು ರಸೀದಿಯೊಂದಿಗೆ ಕೊಂಡೆ, ನನ್ನ ಮಿತಿಯೊಳಗೇ ಆಯಿತು. ಅಂಗಡಿಯಲ್ಲಿ ಮೊದಲು ಕೊಟ್ಟ ಚಾಕುವಿನ ಅಲಗು ಒಂದು ಬದಿಗೆ ಒರಗಿತ್ತು. ಬೆಳಕಿಗೆ ಹಿಡಿದು ತೋರಿಸಿದಾಗ ಅವರು ಬೇಸರಪಡದೆ ಇನ್ನೆರಡನ್ನು ಮುಂದಿಟ್ಟರು, ಮೂರನೆಯದು ನಡುವೆ ಸರಿಯಾಗಿ ಕೂತಿತ್ತು. ಅಗಸೆ ಎಣ್ಣೆ ಕುಡಿಸಿ ನಾಲ್ಕು ದಿನ ನೆರಳಿನಲ್ಲಿ ಒಣಗಿಸಿದೆ. ಕಳೆದ ವಾರದ ಮಳೆಯಲ್ಲಿ ನೆನೆದರೂ ಅಲಗು ಸಿಕ್ಕಿಕೊಳ್ಳಲಿಲ್ಲ, ಸ್ವಲ್ಪ ಬಿಗಿಯಾಯಿತು ಅಷ್ಟೆ. ಹನಿ ನೀರಾವರಿಯ ಪೈಪನ್ನು ಬೆಣ್ಣೆಯಂತೆ ಕತ್ತರಿಸುತ್ತದೆ. ಗೊಬ್ಬರದ ಚೀಲಗಳ ಮೇಲೆ ಮಣ್ಣು ಮೆತ್ತಿರುವುದರಿಂದ ಹರಿತ ಬೇಗ ಹೋಗುತ್ತದೆ ಎಂಬುದು ಈಗ ಅರ್ಥವಾಯಿತು, ಆ ಕೆಲಸಕ್ಕೆ ಬೇರೊಂದು ಹಳೆಯ ಅಲಗನ್ನು ತೋಟದ ಮನೆಯಲ್ಲಿಟ್ಟಿದ್ದೇನೆ.

ಟೂಲ್ ರೂಮಿನ ಹಿರಿಯರು ಹೇಳಿದಂತೆ ಸಾಣೆಯಲ್ಲಿ ಸುಟ್ಟಿದ್ದ ಮೂರನೆಯ ಚಾಕುವನ್ನು 400 ಗ್ರಿಟ್‌ನ ಒರಟು ಸಾಣೆಕಲ್ಲಿನ ಮೇಲೆ ನೀರು ಹಾಕಿಕೊಂಡು ಐದು ಸಂಜೆ ಉಜ್ಜಿದೆ. ಕೋನ ಹಿಡಿಯುವುದು ಮೊದಲು ಬರಲಿಲ್ಲ. ಅಲಗನ್ನು ಕಲ್ಲಿಗೆ ನೇರವಾಗಿ ನಿಲ್ಲಿಸಿ, ಅದರ ಅರ್ಧಕ್ಕೆ ಬಾಗಿಸಿ, ಮತ್ತೆ ಅದರ ಅರ್ಧಕ್ಕೆ ಬಾಗಿಸಿದರೆ ಸುಮಾರು 22 ಡಿಗ್ರಿ ಬರುತ್ತದೆಂದು ಲೆಕ್ಕ ಮಾಡಿ, ಅದಕ್ಕಿಂತ ಸ್ವಲ್ಪ ಕಡಿಮೆ ಹಿಡಿದೆ. ಅಂಚಿನ ಗಾಯದಂಥ ಭಾಗ ಹೋದ ಮೇಲೆ 1000 ಗ್ರಿಟ್‌ನ ನಯವಾದ ಕಲ್ಲಿನಲ್ಲಿ ಹತ್ತು ನಿಮಿಷ, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಬದಿಯಲ್ಲಿ ಅಲಗಿನ ಬೆನ್ನನ್ನು ಮುಂದುಮಾಡಿ ಎಳೆದೆ. ಮೂರು ವಾರವಾಯಿತು, ಹರಿತ ನಿಂತಿದೆ. ಅದನ್ನೀಗ ನನ್ನ ಮಡದಿ ಹೂ ಕಟ್ಟುವ ಬುಟ್ಟಿಯಲ್ಲಿ ಇಟ್ಟುಕೊಂಡಿದ್ದಾರೆ, ನನಗೆ ಮರಳಿ ಸಿಗುವ ಲಕ್ಷಣವಿಲ್ಲ.

ಮತ್ತೊಂದು ವಿಷಯ. ಚಾಕುಗಳ ಹುಡುಕಾಟದಲ್ಲಿ ತಂದೆಯವರ ಟ್ರಂಕಿನ ತಳದಲ್ಲಿ ಅವರ ಹಳೆಯ ಮಡಚುವ ಚಾಕು ಸಿಕ್ಕಿತು. ಅಲಗು ಕಪ್ಪಾಗಿದೆ, ಬುಡದಲ್ಲಿ ಸ್ವಲ್ಪ ಕೆಂಪು ತುಕ್ಕಿದೆ, ಕೊಂಬಿನ ಹಿಡಿ ಗಟ್ಟಿಯಾಗಿದೆ, ಕೀಲಿನ ರಿವೆಟ್ ಮಾತ್ರ ಸಡಿಲವಾಗಿದೆ. ಇದನ್ನು ಸರಿಪಡಿಸಲು ಸಾಧ್ಯವೇ?

ಟೂಲ್ ರೂಮ್, ಮೇಟಗಳ್ಳಿ:

ಓದಿ ಮನಸ್ಸಿಗೆ ತುಂಬ ಸಂತೋಷವಾಯಿತು. ಕೀಲು ಸವೆದರೆ ಸರಿಪಡಿಸುವವರು ಸಿಗುವುದಿಲ್ಲ ಎಂದು ನಾನು ಬರೆದಿದ್ದೆ. ರಂಧ್ರ ಸವೆಯದೆ ರಿವೆಟ್ ಮಾತ್ರ ಸಡಿಲವಾಗಿದ್ದರೆ ಆ ಮಾತು ಅನ್ವಯಿಸುವುದಿಲ್ಲ. ಮಳವಳ್ಳಿಯವರು ಏನು ಹೇಳುತ್ತಾರೋ ನೋಡೋಣ.

ಕುಲುಮೆ ಮನೆ, ಮಳವಳ್ಳಿ:

ಅಣ್ಣನವರೇ, ಖಂಡಿತ ಸಾಧ್ಯ. ಅಪ್ಪನವರಿಗೆ ಹೇಳಿದ್ದೇನೆ, ಅವರೇ ಮಾಡಿಕೊಡುತ್ತೇನೆಂದಿದ್ದಾರೆ. ಹಳೆಯ ರಿವೆಟ್‌ನ ತಲೆಯನ್ನು ಅರದಿಂದ ಸವೆಸಿ ಹೊರತೆಗೆದು, ರಂಧ್ರ ಗುಂಡಗೇ ಇದೆಯೇ ಎಂದು ನೋಡಿ, ಅದೇ ಗಾತ್ರದ ಹಿತ್ತಾಳೆಯ ಕಡ್ಡಿ ಹಾಕಿ, ಅಲಗಿಗೂ ಹಿಡಿಗೂ ನಡುವೆ ತೆಳು ಕಾಗದ ಇಟ್ಟು ಬಡಿಯುತ್ತೇವೆ. ಬಡಿದ ಮೇಲೆ ಕಾಗದ ಎಳೆದರೆ ಅಲಗು ತಿರುಗುವಷ್ಟು ಸಂದು ಉಳಿಯುತ್ತದೆ. ಅಲ್ಲಿಯವರೆಗೆ ಅದನ್ನು ಬಿಸಿನೀರಿಗಾಗಲಿ ಸೀಮೆಎಣ್ಣೆಗಾಗಲಿ ಹಾಕಿಡಬೇಡಿ, ಕೊಂಬಿನ ಹಿಡಿ ಸೊಟ್ಟಗಾಗುತ್ತದೆ, ಪದರ ಬಿಡುತ್ತದೆ. ಅಲಗಿನ ಕಪ್ಪನ್ನೂ ಉಜ್ಜಬೇಡಿ. ಶುಕ್ರವಾರ ನಮ್ಮಲ್ಲಿ ಸಂತೆಯ ಕೆಲಸ ಹೆಚ್ಚು, ಬೇರೆ ಯಾವ ದಿನವಾದರೂ ಬೆಳಗ್ಗೆ ಹತ್ತರೊಳಗೆ ಬನ್ನಿ. ಒಂದು ಗಂಟೆಯ ಕೆಲಸ, ಕುಳಿತು ನೋಡಿಕೊಂಡು ಕೈಯಲ್ಲೇ ತೆಗೆದುಕೊಂಡು ಹೋಗಬಹುದು.